ಬೂತಾಯಿ ಎಣ್ಣೆಯಿಂದ ಬೈರಾಕ್‌ವರೆಗೆ: ಜೀವವಿಜ್ಞಾನದ ಸಣ್ಣ ಉದ್ಯಮಕ್ಕೆ ಸರಕಾರದ ಆಸರೆ

ಕುದ್ರೋಳಿಯ ಗೋಕರ್ಣನಾಥ ಕ್ಷೇತ್ರದಲ್ಲಿ 1912ರಲ್ಲಿ ಪ್ರತಿಷ್ಠೆ ನೆರವೇರಿಸಿದ ಬ್ರಹ್ಮಶ್ರೀ ನಾರಾಯಣ ಗುರುಗಳು ಗುಡಿಯ ಮಾತಿನ ಜತೆಗೇ ಶಾಲೆಯ ಮಾತನ್ನೂ ಕೈಕೆಲಸದ ಮಾತನ್ನೂ ಆಡಿದವರು. ಅವರ ಆಶೀರ್ವಾದದಲ್ಲಿ ಬೆಳೆದ ಎಸ್.ಎನ್.ಡಿ.ಪಿ. ಯೋಗಂ 1905ರಲ್ಲಿ ಕೊಲ್ಲಂನಲ್ಲಿ ವಾರ್ಷಿಕ ಸಭೆ ಸೇರಿದಾಗ ಅದರೊಂದಿಗೆ ಒಂದು ಕೈಗಾರಿಕಾ ಪ್ರದರ್ಶನವನ್ನೂ ಏರ್ಪಡಿಸಿತ್ತು. ಮುಂದೆ ಶಿವಗಿರಿ ಯಾತ್ರೆಗೆ ಗುರುಗಳು ಗೊತ್ತುಮಾಡಿಕೊಟ್ಟ ಎಂಟು ವಿಷಯಗಳಲ್ಲಿ ವಿದ್ಯೆ, ಶುಚಿತ್ವ, ಭಕ್ತಿ, ಸಂಘಟನೆಗಳ ಸಾಲಿನಲ್ಲೇ ಕೃಷಿ, ವ್ಯಾಪಾರ, ಕೈಗಾರಿಕೆ, ತಾಂತ್ರಿಕ ತರಬೇತಿಗಳೂ ಬರುತ್ತವೆ. ಕುದ್ರೋಳಿಯಿಂದ ಹೊರಡುವ ಸ್ಮರಣ ಸಂಚಿಕೆಯಲ್ಲಿ ವಿಜ್ಞಾನ ಮತ್ತು ಉದ್ಯಮದ ಚರಿತ್ರೆಗೆ ಕೆಲವು ಪುಟ ಮೀಸಲಿಡುವುದು ಆ ಪರಂಪರೆಗೆ ಒಪ್ಪುವ ಕೆಲಸ ಎಂದು ನಂಬಿ ಇದನ್ನು ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಗಿಡ, ಮೀನು, ಸೂಕ್ಷ್ಮಾಣು, ರಕ್ತ, ಔಷಧ ಇವುಗಳ ಮೇಲೆ ಪ್ರಯೋಗಶಾಲೆಯಲ್ಲಿ ಒಬ್ಬರು ಹೊಸದೊಂದನ್ನು ಕಂಡುಹಿಡಿಯುತ್ತಾರೆ. ಅದು ಅಂಗಡಿಗೋ ಆಸ್ಪತ್ರೆಗೋ ಸಿಗಡಿ ಕೆರೆಗೋ ತಲುಪಬೇಕಾದರೆ ಹಲವು ವರ್ಷ ಹಿಡಿಯುತ್ತದೆ. ಅಷ್ಟು ಕಾಲ ಒಂದು ಪೈಸೆ ಆದಾಯವಿಲ್ಲ. ಬ್ಯಾಂಕಿಗೆ ಅಡವಿಡಲು ಜಾಗವೋ ಯಂತ್ರವೋ ಬೇಕು. ಟೆಸ್ಟ್ ಟ್ಯೂಬಿನಲ್ಲಿರುವ ದ್ರವವನ್ನು ಯಾವ ಬ್ಯಾಂಕೂ ಅಡವಿಗೆ ತೆಗೆದುಕೊಳ್ಳುವುದಿಲ್ಲ. ದೊಡ್ಡ ಕಂಪನಿ ತನ್ನ ಲಾಭದಿಂದಲೇ ಇದನ್ನು ತೂಗಿಸೀತು. ಸಣ್ಣವರು ಅಲ್ಲೇ ಕೈಬಿಡುತ್ತಾರೆ. ಈ ನಡುದಾರಿಯಲ್ಲಿ ಸರಕಾರ ಕೈಹಿಡಿದದ್ದು ಎಲ್ಲೆಲ್ಲಿ, ಹೇಗೆ ಎಂಬುದೇ ನನ್ನ ಕಥೆ. ಮೊದಲ ಪ್ರಯೋಗದ ನಷ್ಟವನ್ನು ಸರಕಾರ ತನ್ನ ತಲೆಯ ಮೇಲೆ ಹೊತ್ತುಕೊಂಡಲ್ಲಿ, ಮತ್ತು ಆ ನೆರವು ಕಚ್ಚಾಮಾಲಿನ ಬಳಿಯಲ್ಲೇ ಸಿಕ್ಕಲ್ಲಿ, ಸಣ್ಣವರು ಎದ್ದು ನಿಂತಿದ್ದಾರೆ. ನೂರು ವರ್ಷಗಳ ದಾಖಲೆ ನನಗೆ ಹೇಳುವುದು ಇದನ್ನೇ.

ಕಡಲತೀರದ ಮೊದಲ ಪ್ರಯೋಗ

ಕುದ್ರೋಳಿಯಲ್ಲಿ ಕ್ಷೇತ್ರ ತಲೆಯೆತ್ತುತ್ತಿದ್ದ ಆ ವರ್ಷಗಳಲ್ಲೇ ನಮ್ಮ ಕಡಲತೀರದಲ್ಲಿ ಇನ್ನೊಂದು ಕೆಲಸ ನಡೆದಿತ್ತು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದ ಜಿಲ್ಲೆ. ಸರ್ ಫ್ರೆಡರಿಕ್ ನಿಕಲ್ಸನ್ ಎಂಬ ಐ.ಸಿ.ಎಸ್. ಅಧಿಕಾರಿಯ ಹೆಸರು ಸಹಕಾರ ಚಳವಳಿಯವರಿಗೆ ಚೆನ್ನಾಗಿ ಗೊತ್ತು. 1895ರಿಂದ 1897ರ ನಡುವೆ ಅವರು ಬರೆದ ಕೃಷಿ ಬ್ಯಾಂಕುಗಳ ವರದಿಯೇ ದೇಶದ ಸಹಕಾರಿ ಸಂಘಗಳಿಗೆ ಬುನಾದಿ. ಅದೇ ನಿಕಲ್ಸನ್‌ರನ್ನು ಸರಕಾರ 1905ರಲ್ಲಿ ಮೀನುಗಾರಿಕೆಯ ಅಧ್ಯಯನಕ್ಕೆ ನೇಮಿಸಿತು. ಅವರು ಜಪಾನಿನ ಮೀನುಗಾರಿಕೆಯನ್ನು ನೋಡಿ ಬಂದರು, ವರದಿ ಬರೆದರು. 1907ರಲ್ಲಿ ಮದ್ರಾಸ್ ಮೀನುಗಾರಿಕಾ ಬ್ಯೂರೋ ಹುಟ್ಟಿತು.

ಪಶ್ಚಿಮ ಕರಾವಳಿಯಲ್ಲಿ ಅವರ ಕಣ್ಣಿಗೆ ಬಿದ್ದದ್ದು ಬೂತಾಯಿ ಮೀನು. ಬೂತಾಯಿ ಬಂದ ವರ್ಷ ರಾಶಿರಾಶಿ ಬರುತ್ತದೆ, ಬಾರದ ವರ್ಷ ಬಲೆ ಬರಿದು. ಇದು ನಮ್ಮ ಮೊಗವೀರರಿಗೆ ಹೊಸ ಸುದ್ದಿಯಲ್ಲ. ರಾಶಿ ಬಂದಾಗ ತಿಂದು, ಮಾರಿ ಉಳಿದದ್ದನ್ನು ಮರಳಿನ ಮೇಲೆ ಹರಡಿ ಒಣಗಿಸಿ ಗೊಬ್ಬರವಾಗಿ ತೋಟಗಳಿಗೆ ಕಳಿಸುತ್ತಿದ್ದರು. ಮೀನಿನೊಳಗಿನ ಎಣ್ಣೆ ಮರಳಿಗೆ ಇಳಿದು ಹೋಗುತ್ತಿತ್ತು, ಇಲ್ಲವೇ ಕೊಳೆತ ಮೀನಿನಿಂದ ತೆಗೆದ ಕಪ್ಪು ಎಣ್ಣೆಯಾಗಿ ಅಗ್ಗಕ್ಕೆ ಹೋಗುತ್ತಿತ್ತು. ನಿಕಲ್ಸನ್ ಮಲಬಾರಿನ ತಾನೂರಿನಲ್ಲಿ ಒಂದು ಪ್ರಯೋಗ ಕೇಂದ್ರ ತೆರೆದರು. ತಾಜಾ ಮೀನನ್ನು ಬಾಣಲೆಯಲ್ಲಿ ಬೇಯಿಸುವುದು, ಚೀಲಕ್ಕೆ ತುಂಬಿ ತಿರುಪಿನ ಒತ್ತುಯಂತ್ರದಲ್ಲಿ ಹಿಂಡುವುದು, ಎಣ್ಣೆಯನ್ನು ಸೋಸಿ ಪೀಪಾಯಿಗೆ ತುಂಬುವುದು, ಉಳಿದ ಹಿಂಡಿಯನ್ನು ಒಣಗಿಸಿ ಗೊಬ್ಬರ ಮಾಡುವುದು. ಹಬೆ ಯಂತ್ರಗಳ ಆಡಂಬರವಿಲ್ಲ. ಸಣ್ಣ ಬಂಡವಾಳದವನು ತನ್ನ ಊರಿನ ದಡದಲ್ಲೇ ಹಾಕಿಕೊಳ್ಳಬಹುದಾದ ಸಲಕರಣೆ ಅದು. ಬಂದು ನೋಡಿ, ಕಲಿತುಕೊಂಡು ಹೋಗಿ ಎಂದು ಬಾಗಿಲು ತೆರೆದಿಟ್ಟರು. ಕೆಲವೇ ವರ್ಷಗಳಲ್ಲಿ ಮಲಬಾರ್ ಮತ್ತು ದಕ್ಷಿಣ ಕನ್ನಡದ ತೀರದುದ್ದಕ್ಕೂ ಇಂಥ ಖಾಸಗಿ ಎಣ್ಣೆ ಕಾರ್ಖಾನೆಗಳು ನೂರಾರು ಸಂಖ್ಯೆಯಲ್ಲಿ ಎದ್ದವು.

ಬಯೋಟೆಕ್ನಾಲಜಿ ಎಂಬ ಮಾತು ಯಾರ ಬಾಯಲ್ಲೂ ಇಲ್ಲದ ಕಾಲದಲ್ಲಿ ನಡೆದ ಈ ಕೆಲಸವನ್ನು ನಾನು ಇಂದಿನ ಯೋಜನೆಗಳ ಹಿರಿಯಣ್ಣ ಎಂದೇ ಎಣಿಸುತ್ತೇನೆ. ಸಂಶೋಧನೆ ಸರಕಾರದ್ದು, ಮೊದಲ ನಷ್ಟ ಸರಕಾರದ್ದು, ಲಾಭ ಮಾತ್ರ ಸಣ್ಣ ಉದ್ಯಮಿಯದು. ಕೇಂದ್ರ ಇದ್ದದ್ದು ರಾಜಧಾನಿ ಮದ್ರಾಸಿನಲ್ಲಲ್ಲ, ಮೀನು ಬಂದು ಬೀಳುವ ದಡದಲ್ಲಿ. ನಲವತ್ತರ ದಶಕದಲ್ಲಿ ಯುದ್ಧದಿಂದಾಗಿ ನಾರ್ವೆಯ ಕಾಡ್ ಲಿವರ್ ಎಣ್ಣೆ ಬರುವುದು ನಿಂತಾಗ ಇದೇ ಮೀನುಗಾರಿಕಾ ಇಲಾಖೆ ಕಲ್ಲಿಕೋಟೆಯಲ್ಲಿ ತಾಟೆ ಮೀನಿನ ಲಿವರ್ ಎಣ್ಣೆ ತೆಗೆದು ಆಸ್ಪತ್ರೆಗಳಿಗೆ ಒದಗಿಸಿತು. ಮೂವತ್ತು ವರ್ಷ ಹಿಂದೆ ಹಾಕಿದ ಅಡಿಪಾಯ ಇಲ್ಲದೆ ಹೋಗಿದ್ದರೆ ಅಷ್ಟು ಬೇಗ ಅದು ಆಗುತ್ತಿರಲಿಲ್ಲ.

ಸರಕಾರ ಉದ್ಯಮಕ್ಕೆ ಕೈಹಾಕಬಹುದೇ?

ಈ ಪ್ರಶ್ನೆ ಅಂದೇ ಎದ್ದಿತ್ತು. ಮದ್ರಾಸಿನಲ್ಲಿ ಆಲ್‌ಫ್ರೆಡ್ ಚಾಟರ್ಟನ್ ಎಂಬ ಅಧಿಕಾರಿ ಅಲ್ಯುಮಿನಿಯಂ ಪಾತ್ರೆ, ಕ್ರೋಮ್ ಚರ್ಮ ಹದಮಾಡುವಿಕೆ ಮುಂತಾದ ಉದ್ಯಮಗಳನ್ನು ಸರಕಾರಿ ಹಣದಲ್ಲಿ ಆರಂಭಿಸಿ ತೋರಿಸುತ್ತಿದ್ದರು. ಯುರೋಪಿಯನ್ ವ್ಯಾಪಾರಿಗಳು ದೂರು ಕೊಟ್ಟರು. ಲಂಡನ್ನಿನಲ್ಲಿದ್ದ ಭಾರತ ಮಂತ್ರಿ ಲಾರ್ಡ್ ಮಾರ್ಲೆ 1910ರಲ್ಲಿ ಆಜ್ಞೆ ಹೊರಡಿಸಿದರು: ಸರಕಾರ ಜನರಿಗೆ ಕೈಗಾರಿಕೆಯ ಶಿಕ್ಷಣ ಕೊಡಲಿ, ತಾನೇ ಉದ್ಯಮ ನಡೆಸುವುದು ಬೇಡ. ಕಲಿಸು, ಆದರೆ ಮಾಡಬೇಡ ಎಂಬ ಈ ಗೆರೆ ಎಷ್ಟು ದಿನ ನಿಂತೀತು? ಮೊದಲ ಮಹಾಯುದ್ಧದ ನಡುವೆಯೇ, 1916ರಲ್ಲಿ, ಭಾರತೀಯ ಕೈಗಾರಿಕಾ ಆಯೋಗವನ್ನು ನೇಮಿಸಬೇಕಾಯಿತು. ಸರಕಾರ ಕೈಗಾರಿಕೆಗೆ ನೇರವಾಗಿ ನೆರವಾಗಬೇಕೆಂದು ಆಯೋಗ ಶಿಫಾರಸು ಮಾಡಿತು. ಅದರ ಬೆನ್ನಿಗೆ ಮದ್ರಾಸ್ ಪ್ರಾಂತ್ಯದಲ್ಲಿ ಕೈಗಾರಿಕೆಗಳಿಗೆ ಸರಕಾರಿ ನೆರವಿನ ಕಾಯಿದೆ ಬಂತು. ಅದು 1922ರ ಕಾಯಿದೆ, ಮಂಗಳೂರಿಗೂ ಅನ್ವಯವಾಗಿತ್ತು.

ಅಷ್ಟರಲ್ಲಿ ಚಾಟರ್ಟನ್ ಮೈಸೂರು ಸಂಸ್ಥಾನಕ್ಕೆ ಬಂದಿದ್ದರು, ಕೈಗಾರಿಕಾ ನಿರ್ದೇಶಕರಾಗಿ. ದಿವಾನರು ಸರ್ ಎಂ. ವಿಶ್ವೇಶ್ವರಯ್ಯ. ಯುದ್ಧದಿಂದ ಜರ್ಮನಿಗೆ ಶ್ರೀಗಂಧದ ರಫ್ತು ನಿಂತು ಕೊರಡುಗಳು ಸರಕಾರದ ಕೋಠಿಗಳಲ್ಲಿ ಬಿದ್ದಿದ್ದವು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನ ವಿಜ್ಞಾನಿಗಳು ಗಂಧದೆಣ್ಣೆ ಬಟ್ಟಿ ಇಳಿಸುವ ಕ್ರಮವನ್ನು ಸಿದ್ಧಪಡಿಸಿದರು. 1916ರಲ್ಲಿ ಎಣ್ಣೆ ಹೊರಬಂತು. ಎರಡು ವರ್ಷದಲ್ಲಿ ಸೋಪಿನ ಕಾರ್ಖಾನೆಯೂ ಬಂತು. ಇಲ್ಲಿ ಕಂಡುಹಿಡಿದದ್ದು ಸಂಸ್ಥೆ, ತಯಾರಿಸಿ ಮಾರಿದ್ದು ಸರಕಾರವೇ. ಒಳ್ಳೆಯ ಸಾಧನೆ, ಅದರಲ್ಲಿ ಸಂಶಯವಿಲ್ಲ. ಆದರೆ ತಾನೂರಿನ ದಾರಿಗೂ ಮೈಸೂರಿನ ದಾರಿಗೂ ವ್ಯತ್ಯಾಸವಿದೆ. ಮೈಸೂರಿನಲ್ಲಿ ಒಂದು ದೊಡ್ಡ ಸರಕಾರಿ ಕಾರ್ಖಾನೆ ಬೆಳೆಯಿತು, ತಾನೂರಿನಿಂದ ನೂರಾರು ಸಣ್ಣ ಯಜಮಾನರು ಬೆಳೆದರು.

ಸ್ವಾತಂತ್ರ್ಯದ ಬಳಿಕ 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿ.ಎಫ್.ಟಿ.ಆರ್.ಐ. ಆರಂಭವಾಯಿತು. ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡಲಾಗದು ಎಂದು ವಿದೇಶಿ ತಜ್ಞರು ನಂಬಿದ್ದ ಕಾಲದಲ್ಲಿ ಅಲ್ಲಿನ ವಿಜ್ಞಾನಿಗಳು ಅದನ್ನು ಮಾಡಿ ತೋರಿಸಿದರು, ತಂತ್ರಜ್ಞಾನ ಖೇಡಾ ಹಾಲು ಒಕ್ಕೂಟಕ್ಕೆ ಹೋಯಿತು, ಅಮೂಲ್ ಶಿಶು ಆಹಾರ ಮನೆಮಾತಾಯಿತು. ಪ್ರಯೋಗಶಾಲೆಗಳ ಶೋಧಗಳನ್ನು ಉದ್ಯಮಿಗಳಿಗೆ ಲೈಸೆನ್ಸ್ ಕೊಡಲೆಂದೇ 1953ರ ಕೊನೆಯಲ್ಲಿ ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮ ಹುಟ್ಟಿತು. ಉಪ್ಪಿನಕಾಯಿ, ಹಣ್ಣಿನ ರಸ, ಸಾಂಬಾರ ಪದಾರ್ಥಗಳ ಸಣ್ಣ ಉದ್ಯಮಿಗಳು ಮೈಸೂರಿಗೆ ಹೋಗಿ ಕಲಿತು ಬಂದದ್ದು ನಮ್ಮ ಜಿಲ್ಲೆಯಲ್ಲೂ ಬಹಳ. ಆದರೆ ಈ ಕಾಲದ ಸರಕಾರಿ ನೆರವಿಗೆ ಒಂದು ಮಿತಿಯಿತ್ತು. ಸಂಶೋಧನೆ ನಡೆಯಬೇಕಾದದ್ದು ಸರಕಾರಿ ಸಂಸ್ಥೆಯಲ್ಲೇ ಎಂಬುದು ಗ್ರಹಿಕೆ. ಉದ್ಯಮಿ ತಾನೇ ಸಂಶೋಧಕನಾಗಿದ್ದರೆ ಅವನಿಗೆ ಹಣ ಕೊಡುವ ಬಾಗಿಲು ಯಾವುದೂ ಇರಲಿಲ್ಲ.

ಆ ಕೊರತೆಯ ತೀವ್ರತೆ ಗೊತ್ತಾಗಲು ಬಯೋಕಾನಿನ ಆರಂಭ ನೆನೆದರೆ ಸಾಕು. ಕಿರಣ್ ಮಜುಂದಾರ್ 1978ರಲ್ಲಿ ಬೆಂಗಳೂರಿನ ಒಂದು ಬಾಡಿಗೆ ಗ್ಯಾರೇಜಿನಲ್ಲಿ ಹತ್ತು ಸಾವಿರ ರೂಪಾಯಿ ಬಂಡವಾಳದಲ್ಲಿ ಕೆಲಸ ಹೂಡಿದರು. ಮೊದಲ ಸರಕು ಎರಡು: ಪಪ್ಪಾಯಿ ಹಾಲಿನಿಂದ ತೆಗೆದ ಪಪೈನ್ ಕಿಣ್ವ, ಮೀನಿನ ಗಾಳಿಚೀಲದಿಂದ ತೆಗೆದು ಬಿಯರ್ ತಿಳಿಗೊಳಿಸಲು ಬಳಸುವ ಐಸಿಂಗ್ಲಾಸ್. ವಯಸ್ಸು ಇಪ್ಪತ್ತೈದು, ಹೆಣ್ಣುಮಗಳು, ಯಾರಿಗೂ ಅರ್ಥವಾಗದ ಉದ್ಯಮ. ಸಾಲ ಕೊಡಲು ಬ್ಯಾಂಕುಗಳು ಹಿಂಜರಿದದ್ದನ್ನು ಅವರೇ ಎಷ್ಟೋ ಸಲ ಹೇಳಿದ್ದಾರೆ. ಅವರು ಗೆದ್ದರು. ಅದೇ ಕಾಲದಲ್ಲಿ ಅದೇ ಕಷ್ಟಕ್ಕೆ ಸಿಕ್ಕಿ ಬಾಗಿಲು ಮುಚ್ಚಿದವರ ಹೆಸರು ಯಾವ ಚರಿತ್ರೆಯಲ್ಲೂ ಸಿಗುವುದಿಲ್ಲ.

ಬೈರಾಕ್ ಹುಟ್ಟಿದ ಬಗೆ

ದಿಲ್ಲಿಯಲ್ಲಿ 1982ರಲ್ಲಿ ರಾಷ್ಟ್ರೀಯ ಜೈವಿಕ ತಂತ್ರಜ್ಞಾನ ಮಂಡಳಿ, 1986ರಲ್ಲಿ ಪ್ರತ್ಯೇಕ ಜೈವಿಕ ತಂತ್ರಜ್ಞಾನ ಇಲಾಖೆ, ಅಂದರೆ ಡಿ.ಬಿ.ಟಿ. ಬಂದವು. ಇಲಾಖೆಯ ಹಣ ಬಹುಕಾಲ ವಿಶ್ವವಿದ್ಯಾಲಯ ಮತ್ತು ಸರಕಾರಿ ಸಂಸ್ಥೆಗಳಿಗೇ ಹೋಗುತ್ತಿತ್ತು. 1996ರಲ್ಲಿ ಸ್ಥಾಪನೆಯಾದ ತಂತ್ರಜ್ಞಾನ ಅಭಿವೃದ್ಧಿ ಮಂಡಳಿ ಖಾಸಗಿಯವರಿಗೆ ಕಡಿಮೆ ಬಡ್ಡಿಯ ಸಾಲ ಕೊಡತೊಡಗಿತು. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ದೇಶೀಯ ಹೆಪಟೈಟಿಸ್ ಬಿ ಲಸಿಕೆಯನ್ನು ಮಾರುಕಟ್ಟೆಗೆ ತಂದ ಹಿಂದೆ ಈ ಮಂಡಳಿಯ ಬೆಂಬಲವಿತ್ತು. ಆಮದು ಲಸಿಕೆ ಕೊಳ್ಳಲಾಗದ ಮನೆಗಳಿಗೂ ಆ ಲಸಿಕೆ ತಲುಪಿತು.

ಅಮೆರಿಕದಲ್ಲಿ ಈ ಬಗ್ಗೆ ಮೊದಲೇ ಒಂದು ಕ್ರಮ ಬಿದ್ದಿತ್ತು. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಲ್ಲಿ ರೋಲಂಡ್ ಟಿಬೆಟ್ಸ್ ಎಂಬವರು 1977ರಲ್ಲಿ ಸಣ್ಣ ಕಂಪನಿಗಳ ಸಂಶೋಧನೆಗೆ ಹಂತಹಂತವಾಗಿ ಹಣ ಕೊಡುವ ಯೋಜನೆ ಆರಂಭಿಸಿದರು. 1982ರಲ್ಲಿ ಅದು ಕಾನೂನಾಯಿತು. ಸಂಶೋಧನೆಗೆ ಹೊರಗಿನವರಿಗೆ ದೊಡ್ಡ ಮೊತ್ತ ಕೊಡುವ ಪ್ರತಿಯೊಂದು ಕೇಂದ್ರ ಇಲಾಖೆಯೂ ಅದರಲ್ಲಿ ಇಷ್ಟು ಪಾಲನ್ನು ಸಣ್ಣ ಕಂಪನಿಗಳಿಗೆಂದೇ ತೆಗೆದಿಡಲೇಬೇಕು. 2017ರ ಹೊತ್ತಿಗೆ ಆ ಪಾಲು ಶೇ. 3.2ಕ್ಕೆ ಏರಿತ್ತು. ವರ್ಷವರ್ಷದ ಬಜೆಟ್ ಕೃಪೆಗೆ ಬಿಡದೆ ಕಾನೂನಿನಲ್ಲೇ ಕಟ್ಟಿಹಾಕಿದ್ದು ಅದರ ಬಲ. ನಮ್ಮಲ್ಲಿ ಇನ್ನೂ ಆಗದ ಕೆಲಸ ಅದು, ಆಗಬೇಕಾದದ್ದು.

ಡಿ.ಬಿ.ಟಿ. 2005ರಲ್ಲಿ ಅದೇ ಮಾದರಿಯನ್ನು ಮುಂದಿಟ್ಟುಕೊಂಡು ಎಸ್.ಬಿ.ಐ.ಆರ್.ಐ. ಎಂಬ ಯೋಜನೆ ತಂದಿತು. ಮೊದಲ ಹಂತದಲ್ಲಿ ಆಲೋಚನೆ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ನೋಡಲು ಅನುದಾನ. ಎರಡನೇ ಹಂತದಲ್ಲಿ ಉತ್ಪನ್ನವಾಗಿ ಬೆಳೆಸಲು ಹೆಚ್ಚಾಗಿ ಕಡಿಮೆ ಬಡ್ಡಿಯ ಸಾಲ. ಖಾಸಗಿ ಕಂಪನಿಯ ಸಂಶೋಧನೆಗೆ ಸರಕಾರ ಅನುದಾನ ಕೊಡುವುದೆಂದರೆ ಆಗಿನ ಕಡತ ಸಂಸ್ಕೃತಿಗೆ ಅರಗದ ಸಂಗತಿ. ಇಲಾಖೆಯ ಕಾರ್ಯದರ್ಶಿಯಾಗಿದ್ದ ಮಕ್ಕಳ ತಜ್ಞ ಡಾ. ಎಂ.ಕೆ. ಭಾನ್ ಇದನ್ನು ಹಟ ಹಿಡಿದು ನಡೆಸಿದರು. ರೋಟಾ ವೈರಸ್ ಲಸಿಕೆಯ ಕೆಲಸದಲ್ಲಿ ದಶಕಗಳನ್ನು ಕಳೆದಿದ್ದ ಅವರಿಗೆ ಪ್ರಯೋಗಶಾಲೆಗೂ ಮಗುವಿನ ಬಾಯಿಗೂ ನಡುವಿನ ದೂರ ಎಷ್ಟೆಂದು ಚೆನ್ನಾಗಿ ಗೊತ್ತಿತ್ತು. 2008ರ ಕೊನೆಗೆ ಹೆಚ್ಚಿನ ಅಪಾಯದ ಯೋಜನೆಗಳಿಗೆ ಕಂಪನಿಯೊಂದಿಗೆ ಖರ್ಚು ಹಂಚಿಕೊಳ್ಳುವ ಬಿ.ಐ.ಪಿ.ಪಿ. ಸೇರಿಕೊಂಡಿತು.

ಇಲಾಖೆಯ ಒಳಗಿನಿಂದಲೇ ಇವೆಲ್ಲವನ್ನು ನಡೆಸುವುದು ಕಷ್ಟವೆಂದು ಕಂಡದ್ದರಿಂದ 2012ರ ಮಾರ್ಚ್ 20ರಂದು ಬಯೋಟೆಕ್ನಾಲಜಿ ಇಂಡಸ್ಟ್ರಿ ರಿಸರ್ಚ್ ಅಸಿಸ್ಟೆನ್ಸ್ ಕೌನ್ಸಿಲ್, ಎಲ್ಲರ ಬಾಯಲ್ಲಿ ಬೈರಾಕ್, ಲಾಭದ ಉದ್ದೇಶವಿಲ್ಲದ ಸರಕಾರಿ ಕಂಪನಿಯಾಗಿ ನೋಂದಣಿಯಾಯಿತು. ಅದನ್ನು ವರ್ಷಗಳ ಕಾಲ ಮುನ್ನಡೆಸಿದವರು ಡಾ. ರೇಣು ಸ್ವರೂಪ್, ಮುಂದೆ ಇಲಾಖೆಯ ಕಾರ್ಯದರ್ಶಿಯೂ ಆದರು.

ಬೈರಾಕಿನ ಯೋಜನೆಗಳ ಪಟ್ಟಿ ಉದ್ದವಿದೆ. ಅದನ್ನೆಲ್ಲ ಒಪ್ಪಿಸಲು ಹೋಗುವುದಿಲ್ಲ. ಅವುಗಳಲ್ಲಿ ಒಂದನ್ನು ಮಾತ್ರ ಬಿಡಿಸಿ ಹೇಳಲೇಬೇಕು. ಬಯೋಟೆಕ್ನಾಲಜಿ ಇಗ್ನಿಷನ್ ಗ್ರಾಂಟ್, ಚಿಕ್ಕದಾಗಿ ಬಿಗ್. ಬೈರಾಕ್ ಹುಟ್ಟಿದ ವರ್ಷವೇ ಶುರುವಾದದ್ದು. ಒಬ್ಬ ಸಂಶೋಧಕ, ಒಬ್ಬ ವೈದ್ಯೆ, ಆಗಷ್ಟೇ ಕಂಪನಿ ನೋಂದಾಯಿಸಿದ ಇಬ್ಬರು ಗೆಳೆಯರು, ಯಾರಾದರೂ ಅರ್ಜಿ ಹಾಕಬಹುದು. ಆಯ್ಕೆಯಾದರೆ 18 ತಿಂಗಳ ಅವಧಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ. ಸಾಲವಲ್ಲ. ಕಂಪನಿಯಲ್ಲಿ ಷೇರನ್ನೂ ಕೇಳುವುದಿಲ್ಲ. ಹಣ ಒಮ್ಮೆಗೇ ಬರುವುದಿಲ್ಲ. ಮೊದಲೇ ಒಪ್ಪಿಕೊಂಡ ಮೈಲಿಗಲ್ಲು ಮುಟ್ಟಿದಂತೆಲ್ಲ ಕಂತು ಬಿಡುಗಡೆಯಾಗುತ್ತದೆ. ದಿಲ್ಲಿಯ ಕಚೇರಿ ನೇರವಾಗಿ ಇದನ್ನು ನಡೆಸದೆ ಬೆಂಗಳೂರಿನ ಸಿ-ಕ್ಯಾಂಪ್, ಹೈದರಾಬಾದಿನ ಐಕೆಪಿ, ಪುಣೆಯ ವೆಂಚರ್ ಸೆಂಟರ್, ದಿಲ್ಲಿ ಐಐಟಿಯ ಎಫ್.ಐ.ಟಿ.ಟಿ., ಭುವನೇಶ್ವರದ ಕೆಐಐಟಿ ಮುಂತಾದ ಪಾಲುದಾರ ಸಂಸ್ಥೆಗಳ ಮೂಲಕ ನಡೆಸಿದ್ದು ಒಳ್ಳೆಯ ತೀರ್ಮಾನ. ಅರ್ಜಿದಾರನಿಗೆ ಹಣದಷ್ಟೇ ಮುಖ್ಯವಾದದ್ದು ಅಲ್ಲಿ ಸಿಗುವ ಮಾತು: ಪೇಟೆಂಟ್ ಹೇಗೆ, ಪರವಾನಗಿ ಯಾರಿಂದ, ಆಸ್ಪತ್ರೆಯ ಎಥಿಕ್ಸ್ ಸಮಿತಿಯ ಮುಂದೆ ಏನನ್ನು ಒಯ್ಯಬೇಕು, ಕೊಳ್ಳುವವರು ನಿಜಕ್ಕೂ ಯಾರು. ಅನುದಾನ ಮುಗಿದವರಿಗೆ ಸೀಡ್ ಮತ್ತು ಲೀಪ್ ಎಂಬ ನಿಧಿಗಳಿಂದ, ಹೊಸ ಕಂಪನಿಗಳನ್ನು ಸಾಕುವ ಇನ್ಕ್ಯುಬೇಟರ್ ಕೇಂದ್ರಗಳ ಮೂಲಕ ಷೇರು ಬಂಡವಾಳ; ದುಬಾರಿ ಉಪಕರಣಗಳನ್ನು ಹಂಚಿಕೊಂಡು ಬಳಸಲು ಬಯೋನೆಸ್ಟ್ ಕೇಂದ್ರಗಳು. 2017ರಲ್ಲಿ 1500 ಕೋಟಿ ರೂಪಾಯಿಯ ರಾಷ್ಟ್ರೀಯ ಬಯೋಫಾರ್ಮಾ ಮಿಷನ್ ಬಂದಾಗ, ಅರ್ಧ ಹಣ ವಿಶ್ವಬ್ಯಾಂಕಿನ ಸಾಲ, ಅದರ ಹೊಣೆಯೂ ಬೈರಾಕಿಗೇ ಬಂತು. 2020ರಲ್ಲಿ ಕೋವಿಡ್ ಲಸಿಕೆಗೆಂದು ಬಂದ 900 ಕೋಟಿಯ ಮಿಷನ್ ಕೋವಿಡ್ ಸುರಕ್ಷಾ ಕೂಡ.

ಬೆಂಗಳೂರಿನ ಫಸಲು

ಕರ್ನಾಟಕ ಈ ಕ್ಷೇತ್ರಕ್ಕೆ ತಡವಾಗಿ ಬಂದದ್ದಲ್ಲ. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ 2001ರಲ್ಲಿ ಹೊರಬಂದ ಮಿಲೇನಿಯಂ ಬಯೋಟೆಕ್ ನೀತಿ ರಾಜ್ಯವೊಂದು ಈ ಉದ್ಯಮಕ್ಕೆಂದೇ ರೂಪಿಸಿದ ದೇಶದ ಮೊದಲ ನೀತಿಗಳಲ್ಲೊಂದು. ಅದೇ ವರ್ಷ ಬೆಂಗಳೂರಿನಲ್ಲಿ ಐ.ಬಿ.ಎ.ಬಿ. ಎಂಬ ಬಯೋಟೆಕ್ ಶಿಕ್ಷಣ ಸಂಸ್ಥೆ ಆರಂಭವಾಯಿತು. 2009ರಲ್ಲಿ ಎರಡನೇ ನೀತಿ. ಅದೇ ವರ್ಷ ಕೃಷಿ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ. ಆವರಣದಲ್ಲಿ ಡಿ.ಬಿ.ಟಿ.ಯ ಸಿ-ಕ್ಯಾಂಪ್. ಎಲೆಕ್ಟ್ರಾನಿಕ್ ಸಿಟಿಯ ಹೀಲಿಕ್ಸ್ ಬಯೋಟೆಕ್ ಪಾರ್ಕಿನಲ್ಲಿ ರಾಜ್ಯ ಮತ್ತು ಕೇಂದ್ರದ ಜಂಟಿ ಹಣದಲ್ಲಿ ಬೆಂಗಳೂರು ಬಯೋಇನ್ನೋವೇಶನ್ ಸೆಂಟರ್. 2017ರಿಂದ ರಾಜ್ಯದ ಎಲಿವೇಟ್ ಸ್ಪರ್ಧೆಯ ಮೂಲಕ ಹೊಸ ಕಂಪನಿಗಳಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ.

ಇಷ್ಟೆಲ್ಲ ಮಾಡಿದ್ದಕ್ಕೆ ಬಂದ ಫಲವೇನು ಎಂದು ಕೇಳುವುದು ತೆರಿಗೆ ಕಟ್ಟುವವರ ಹಕ್ಕು. ಬಿಗ್ ಅನುದಾನ ಪಡೆದ ಪ್ಯಾಂಡೋರಮ್ ಎಂಬ ಕಂಪನಿ 2015ರಲ್ಲಿ ಮನುಷ್ಯನ ಲಿವರ್ ಅಂಗಾಂಶವನ್ನು ತ್ರೀಡಿ ಮುದ್ರಣದಲ್ಲಿ ರೂಪಿಸಿ ತೋರಿಸಿತು. ಸಿ-ಕ್ಯಾಂಪಿನಲ್ಲಿ ಬೆಳೆದ ಬಗ್‌ವರ್ಕ್ಸ್ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ವಿರುದ್ಧ ಹೊಸ ಆ್ಯಂಟಿಬಯಾಟಿಕ್ ಹುಡುಕುತ್ತ 2017ರಲ್ಲಿ ಕಾರ್ಬ್-ಎಕ್ಸ್ ಎಂಬ ಅಂತರರಾಷ್ಟ್ರೀಯ ನಿಧಿಯಿಂದ ನೆರವು ಪಡೆಯಿತು. ಇವು ಇನ್ನೂ ದೂರದ ಹಾದಿಯಲ್ಲಿವೆ.

ಪೂರ್ತಿ ಹಾದಿ ನಡೆದು ಊರೂರಿನ ಆಸ್ಪತ್ರೆ ತಲುಪಿದ ಉದಾಹರಣೆ ಬೇಕೆಂದರೆ ಟ್ರೂನ್ಯಾಟ್ ಇದೆ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ಡಾ. ಚಂದ್ರಶೇಖರ್ ನಾಯರ್ ಮತ್ತವರ ತಂಡ ಪಿಸಿಆರ್ ಪರೀಕ್ಷೆಯನ್ನು ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಯಂತ್ರಕ್ಕೂ ಒಂದು ಚಿಪ್ಪಿಗೂ ಇಳಿಸಲು ಹಿಡಿದದ್ದು ಹತ್ತು ವರ್ಷಕ್ಕೂ ಮಿಕ್ಕಿದ ಕಾಲ. ಅಷ್ಟು ಉದ್ದದ ಅವಧಿಗೆ ಖಾಸಗಿ ಹೂಡಿಕೆದಾರರು ಕಾಯುವುದಿಲ್ಲ, ಕೇಂದ್ರದ ಸಂಶೋಧನಾ ಮಂಡಳಿ ಸಿ.ಎಸ್.ಐ.ಆರ್. ಮತ್ತು ಡಿ.ಬಿ.ಟಿ.ಯ ಹಣ ಕಾಯಿತು. ಗೋವಾದ ಮೋಲ್‌ಬಯೋ ಕಂಪನಿ ಅದನ್ನು ತಯಾರಿಸಿತು. ಕ್ಷಯರೋಗ ಪತ್ತೆಗೆಂದು ರೂಪುಗೊಂಡ ಆ ಯಂತ್ರಕ್ಕೆ 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಬಂತು, ಅದೇ ವರ್ಷ ಕೋವಿಡ್ ಪರೀಕ್ಷೆಗೂ ಅದು ಊರೂರಲ್ಲಿ ಬಳಕೆಯಾಯಿತು. ದೊಡ್ಡ ಲ್ಯಾಬ್ ಇಲ್ಲದ ತಾಲೂಕು ಆಸ್ಪತ್ರೆಯಲ್ಲಿ ಕೆಲವೇ ಗಂಟೆಗಳಲ್ಲಿ ವರದಿ ಸಿಕ್ಕವರಿಗೆ ಅದರ ಬೆಲೆ ಗೊತ್ತು. ಅಂಥ ಒಂದು ಯಂತ್ರಕ್ಕಾಗಿ ಹತ್ತು ಸೋತ ಪ್ರಯೋಗಗಳಿಗೆ ಸರಕಾರ ಹಣ ಕಳಕೊಂಡಿದ್ದರೂ ಅದು ನಷ್ಟವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೊರತೆಗಳೂ ಇವೆ, ಹೇಳದೆ ಬಿಡಲಾಗದು. 2014ರಲ್ಲಿ ಸುಮಾರು 50 ಇದ್ದ ಬಯೋಟೆಕ್ ಸ್ಟಾರ್ಟ್‌ಅಪ್‌ಗಳು ದಶಕದೊಳಗೆ 8500 ದಾಟಿದವು ಎಂದು ಕೇಂದ್ರ ಸರಕಾರ ಹೆಮ್ಮೆಯಿಂದ ಹೇಳುತ್ತದೆ. ಅದು ನೋಂದಣಿಯಾದ ಕಂಪನಿಗಳ ಲೆಕ್ಕ, ಮಾರುಕಟ್ಟೆಯಲ್ಲಿ ನಿಂತ ಉತ್ಪನ್ನಗಳದ್ದಲ್ಲ. ಅನುದಾನದಲ್ಲಿ ಯಂತ್ರ ತಯಾರಾದ ಮೇಲೆ ಕೊಳ್ಳುವವರು ಯಾರು ಎಂಬಲ್ಲಿ ಎಷ್ಟೋ ಕಂಪನಿಗಳು ನಿಂತುಬಿಡುತ್ತವೆ. ಸರಕಾರಿ ಆಸ್ಪತ್ರೆಯ ಟೆಂಡರಿನಲ್ಲಿ ಅತಿ ಕಡಿಮೆ ದರ ಕೂಗಿದವನಿಗೇ ಆರ್ಡರ್. ಹಿಂದಿನ ವಹಿವಾಟು ಎಷ್ಟು, ಅನುಭವ ಎಷ್ಟು ಎಂಬ ಷರತ್ತು ಬೇರೆ. 2016ರಲ್ಲಿ ಸ್ಟಾರ್ಟ್‌ಅಪ್‌ಗಳಿಗೆ ಈ ಷರತ್ತನ್ನು ಸಡಿಲಿಸುವ ಆದೇಶ ಬಂದಿದ್ದರೂ ಆಸ್ಪತ್ರೆಯ ಖರೀದಿ ಮೇಜಿಗೆ ಅದು ತಲುಪುವುದು ನಿಧಾನ. ಒಂದು ಕೈಯಲ್ಲಿ ಸಂಶೋಧನೆಗೆ ಹಣ ಕೊಟ್ಟು ಇನ್ನೊಂದು ಕೈಯಲ್ಲಿ ಅದೇ ಉತ್ಪನ್ನವನ್ನು ಬಾಗಿಲಲ್ಲೇ ತಡೆಯುವ ಪದ್ಧತಿ ಬದಲಾಗಲೇಬೇಕು.

ಮತ್ತೆ ನಮ್ಮ ತೀರಕ್ಕೆ

ಎರಡನೆಯ ಕೊರತೆ ಕುದ್ರೋಳಿಯಲ್ಲಿ ಕುಳಿತವರಿಗೆ ಹೆಚ್ಚು ತಟ್ಟುವಂಥದ್ದು. ನೆರವಿನ ಬಹುಪಾಲು ಬೆಂಗಳೂರಿನಲ್ಲೇ ನಿಂತಿದೆ. ಕರಾವಳಿಯಲ್ಲಿ ವಿಜ್ಞಾನ ಇಲ್ಲವೆಂದಲ್ಲ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಲ್ಲಿ ಆರಂಭವಾದದ್ದು, ದೇಶದ ಮೊದಲ ಮೀನುಗಾರಿಕಾ ಕಾಲೇಜು. ತೊಂಬತ್ತರ ದಶಕದ ನಡುವೆ ಬಿಳಿ ಚುಕ್ಕೆ ರೋಗ ಸಿಗಡಿ ಕೃಷಿಯ ಮೇಲೆ ಎರಗಿ ಕೆರೆಗಳನ್ನು ಬರಿದು ಮಾಡಿದಾಗ ಡಾ. ಇಡ್ಯ ಕರುಣಾಸಾಗರ್ ಮತ್ತು ಡಾ. ಇಂದ್ರಾಣಿ ಕರುಣಾಸಾಗರ್ ಇಲ್ಲಿ ಕುಳಿತೇ ಆ ವೈರಸ್ಸನ್ನು ಪಿಸಿಆರ್ ಮೂಲಕ ಪತ್ತೆ ಮಾಡುವ ಕೆಲಸ ನಡೆಸಿದರು. ಮರಿ ಬಿಡುವ ಮುನ್ನ ರೋಗವಿದೆಯೇ ಎಂದು ನೋಡಿಕೊಂಡರೆ ರೈತ ಉಳಿಯುತ್ತಾನೆ. ಕೋವಿಡ್ ಬಂದ ಮೇಲೆ ಮನೆಮನೆಗೆ ಗೊತ್ತಾದ ಪಿಸಿಆರ್ ಅದಕ್ಕೂ ಇಪ್ಪತ್ತೈದು ವರ್ಷ ಮೊದಲೇ ಮಂಗಳೂರಿನಲ್ಲಿ ಸಿಗಡಿಯನ್ನು ಕಾಯುತ್ತಿತ್ತು. ಅದೇ ಕಾಲೇಜಿನಲ್ಲಿ ಡಾ. ಕೆ.ಎಂ. ಶಂಕರ್ ಅವರ ತಂಡ ಕೆರೆಯ ದಂಡೆಯಲ್ಲೇ ರೈತರು ಬಳಸಬಹುದಾದ ಸರಳ ಪರೀಕ್ಷೆಯನ್ನೂ, ಮೀನಿಗೆ ಆಹಾರದ ಜತೆ ಕೊಡುವ ಲಸಿಕೆಯನ್ನೂ ಬೆಳೆಸಿತು. ಇಂಥ ಕೆಲಸಗಳ ಸುತ್ತ ಹತ್ತಾರು ಸಣ್ಣ ಕಂಪನಿಗಳು ಮಂಗಳೂರಿನಲ್ಲಿ ಹುಟ್ಟಬೇಕಿತ್ತು. ಆಗ ಬೈರಾಕ್ ಇರಲಿಲ್ಲ, ಬಿಗ್ ಇರಲಿಲ್ಲ, ಬಯೋನೆಸ್ಟ್ ಇರಲಿಲ್ಲ. ವಿಜ್ಞಾನ ಸಮಯಕ್ಕೆ ಸರಿಯಾಗಿ ಬಂತು, ನೆರವು ಎರಡು ದಶಕ ತಡವಾಯಿತು.

ಕಾಸರಗೋಡಿನಲ್ಲಿ ಪರಿಸ್ಥಿತಿ ಸ್ವಲ್ಪ ಬೇರೆ. 1916ರಲ್ಲಿ ಮದ್ರಾಸ್ ಸರಕಾರ ಆರಂಭಿಸಿದ ತೆಂಗು ಸಂಶೋಧನಾ ಕೇಂದ್ರ 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿ.ಪಿ.ಸಿ.ಆರ್.ಐ. ಆಯಿತು. ಅಲ್ಲಿನ ವಿಜ್ಞಾನಿಗಳು ತೆಂಗಿನ ಹೊಂಬಾಳೆಯಿಂದ ಇಳಿಯುವ ರಸವನ್ನು ಮಂಜುಗಡ್ಡೆಯ ತಂಪಿನ ಪೆಟ್ಟಿಗೆಯಲ್ಲಿ ಹಿಡಿಯುವ ಉಪಾಯ ಕಂಡುಕೊಂಡರು. ತಂಪಿನಲ್ಲಿ ರಸ ಹುಳಿಯುವುದಿಲ್ಲ, ಸುಣ್ಣ ಬೇಡ, ರಾಸಾಯನಿಕ ಬೇಡ. ಅದಕ್ಕೆ ಕಲ್ಪರಸ ಎಂದು ಹೆಸರಿಟ್ಟು, ಅದರಿಂದ ಸಕ್ಕರೆ, ಬೆಲ್ಲ ಮಾಡುವ ತಂತ್ರಜ್ಞಾನವನ್ನೂ ಸೇರಿಸಿ ರೈತ ಗುಂಪುಗಳಿಗೆ, ಸಣ್ಣ ಉದ್ಯಮಿಗಳಿಗೆ ಲೈಸೆನ್ಸ್ ಕೊಟ್ಟರು. ಕಲಿಸಲು ಆವರಣದಲ್ಲೇ ಇನ್ಕ್ಯುಬೇಷನ್ ಕೇಂದ್ರ ತೆರೆದರು. ಕುದ್ರೋಳಿ ಕ್ಷೇತ್ರವನ್ನು ಕಟ್ಟಿದ ಸಮುದಾಯದ ಹಿರಿಯರಿಗೆ ಮೂರ್ತೆ, ಅಂದರೆ ಕಳ್ಳು ಇಳಿಸುವುದು, ಕುಲಕಸುಬು. ಕಳ್ಳು ಬಿಡಿ ಎಂದು ಗುರುಗಳು ಹೇಳಿದರು. ಕಸುಬು ಬಿಟ್ಟವರಿಗೆ ಬೇರೆ ದಾರಿ ಹುಡುಕುವುದು ಎಷ್ಟೋ ಮನೆಗಳಿಗೆ ಸುಲಭವಾಗಿರಲಿಲ್ಲ. ಮರ ಹತ್ತುವ ಅದೇ ಕೌಶಲದಿಂದ ಮತ್ತಿಲ್ಲದ ಆಹಾರವೊಂದನ್ನು ತೆಗೆದು ಮಾರುವ ಅವಕಾಶವನ್ನು ಒಂದು ಸರಕಾರಿ ಪ್ರಯೋಗಶಾಲೆ ತೆರೆದಿಟ್ಟಿದೆ. ನನಗೆ ಈ ಇಡೀ ಚರಿತ್ರೆಯಲ್ಲಿ ಹೆಚ್ಚು ಸಂತೋಷ ಕೊಡುವ ಸಂಗತಿ ಇದು. ಹತ್ತುವವರಿಗೆ ವಿಮೆ, ನ್ಯಾಯವಾದ ಕೂಲಿ ಸಿಕ್ಕರೆ ಮಾತ್ರ ಇದು ಬಾಳುತ್ತದೆ.

ಕರಾವಳಿಗೆ ಸಮುದ್ರ ಜೀವತಂತ್ರಜ್ಞಾನದ ಪಾರ್ಕ್ ಬೇಕೆಂಬ ಮಾತು ರಾಜ್ಯದ ಬಯೋಟೆಕ್ ನೀತಿಯ ಜತೆಗೇ ಹಲವು ವರ್ಷಗಳಿಂದ ಕೇಳಿಬರುತ್ತಿದೆ. ಇಂದು ಮಣಿಪಾಲದಲ್ಲಿ ರಾಜ್ಯ ಸರಕಾರದ ಸಹಯೋಗದ ಬಯೋಇನ್ಕ್ಯುಬೇಟರ್ ಇದೆ, ನಿಟ್ಟೆಯಲ್ಲಿ ಅಟಲ್ ಇನ್ಕ್ಯುಬೇಷನ್ ಕೇಂದ್ರವಿದೆ. ಕೊಣಾಜೆಯ ವಿಶ್ವವಿದ್ಯಾಲಯ, ನಗರದ ವೈದ್ಯಕೀಯ ಕಾಲೇಜುಗಳಿಂದ ವರ್ಷವರ್ಷ ಜೀವವಿಜ್ಞಾನ ಓದಿದ ಮಕ್ಕಳು ಹೊರಬರುತ್ತಾರೆ, ಹೆಚ್ಚಿನವರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಇಲ್ಲಿಯ ದಡದಲ್ಲಿ ಸಿಗಡಿಯ ಸಿಪ್ಪೆ ತಿಪ್ಪೆ ಸೇರುತ್ತದೆ. ಅದರಿಂದ ತೆಗೆಯುವ ಕೈಟೋಸಾನ್ ಗಾಯದ ರಕ್ತ ನಿಲ್ಲಿಸುವ ಪಟ್ಟಿಯಾಗಿ ದೇಶದಲ್ಲೇ ತಯಾರಾಗುತ್ತಿದೆ, ಬೇರೆ ಊರಲ್ಲಿ. ಕಡಲ ಪಾಚಿಯಿಂದ ಬೆಳೆಗೆ ಪೋಷಕ ದ್ರವ ಮಾಡುವ ಸೀ6 ಎನರ್ಜಿ ಬೆಂಗಳೂರಿನ ಕಂಪನಿ, ಬೈರಾಕಿನ ನೆರವು ಕಂಡದ್ದು; ಸಮುದ್ರವಿಲ್ಲದ ಊರಿಗೆ ಸಮುದ್ರದ ಉದ್ಯಮ ಒಲಿದಿದೆ. ಬೂತಾಯಿ ಎಣ್ಣೆ ಇಂದಿಗೂ ಇಲ್ಲಿಂದ ಪೀಪಾಯಿ ಲೆಕ್ಕದಲ್ಲಿ ಹೋಗುತ್ತದೆ, ಒಮೆಗಾ-3 ಮಾತ್ರೆಯಾಗಿ ಹೊರಗಿನಿಂದ ನಮ್ಮ ಔಷಧದಂಗಡಿಗೆ ಮರಳುತ್ತದೆ.

ಆದ್ದರಿಂದ ಸರಕಾರದಲ್ಲಿ ನಮ್ಮ ಒತ್ತಾಯ ಒಂದೇ. ಫಲ್ಗುಣಿ, ನೇತ್ರಾವತಿಗಳು ಕಡಲು ಸೇರುವ ಈ ನಗರದಲ್ಲಿ, ಮೀನುಗಾರಿಕಾ ಕಾಲೇಜಿನ ಅನುಭವವನ್ನು ಬುಡಕ್ಕಿಟ್ಟುಕೊಂಡು, ಸಮುದ್ರ ಜೀವತಂತ್ರಜ್ಞಾನದ ಒಂದು ಸಂಪೂರ್ಣ ಬಯೋನೆಸ್ಟ್ ಕೇಂದ್ರ ಬರಬೇಕು. ಅದರ ಹಣದ ಒಂದು ಪಾಲು ಮೀನುಗಾರ ಮತ್ತು ಮೂರ್ತೆದಾರ ಸಹಕಾರಿ ಸಂಘಗಳ ಜತೆ ಸೇರಿ ಕೆಲಸ ಮಾಡುವ ಕಂಪನಿಗಳಿಗೆ ಮೀಸಲಿರಬೇಕು. ಊರಿನ ತರುಣ ತರುಣಿಯರಿಗೆ ಹೇಳುವುದು ಇನ್ನೊಂದು: ಬಿಗ್ ಅನುದಾನಕ್ಕೆ ಸಾಮಾನ್ಯವಾಗಿ ಜನವರಿ ಮತ್ತು ಜುಲೈ ತಿಂಗಳಲ್ಲಿ, ವರ್ಷಕ್ಕೆರಡು ಸಲ ಅರ್ಜಿ ಕರೆಯುತ್ತಾರೆ. ಅರ್ಜಿಗೆ ಅಡವಿಡಲು ಆಸ್ತಿ ಬೇಡ, ಶಿಫಾರಸು ಪತ್ರ ಬೇಡ. ಒಳ್ಳೆಯ ಆಲೋಚನೆ ಇದ್ದವರು ಮುಂದಿನ ಕರೆಗೇ ಅರ್ಜಿ ಹಾಕಿ.